ಶೇಖಪ್ಪನ ಕಡೆಯ ಗಳಿಗೆ

ನೆನಪು ತೆಗೆಯುವ ಆಸ್ಪತ್ರೆಗಳಲ್ಲಿ ಒಂದೇ ನಿಯಮ: ಒಬ್ಬರಿಂದ ತೆಗೆದ ನೆನಪನ್ನು ಇನ್ನೊಬ್ಬರು ತುಂಬಿಸಿಕೊಳ್ಳಬೇಕು. ಒಂದು ಕಾಲಕ್ಕೆ ಊರನ್ನೇ ನಡುಗಿಸಿದ್ದ ಫಕ್ಕೀರಪ್ಪ ಜೈಲಿನಿಂದ ಹೊರಬಂದಾಗಿನಿಂದ ಅಂಥ ಒಬ್ಬರಿಗಾಗಿ ಅಲೆದಿದ್ದ. ಕೊಲೆಯ ನೆನಪೆಂದ ಕೂಡಲೇ ಎಲ್ಲರೂ ಹಿಂದೆ ಸರಿದರು. ಹೆಂಡತಿಯೂ ಒಲ್ಲೆ ಅಂದಳು.

ಕೊನೆಗೆ ಯಾರೋ ಒಪ್ಪಿದ್ದಾರೆಂದು ಆಸ್ಪತ್ರೆಯಿಂದ ಕರೆ ಬಂತು. ಹೋಗಿ ನೋಡಿದರೆ, ಪಕ್ಕದ ಮಂಚದ ಮೇಲೆ ಕೂತಿದ್ದವಳು ನೀಲವ್ವ, ಅವನು ಕೊಂದ ಶೇಖಪ್ಪನ ತಾಯಿ.

"ನೀ ಯಾಕ ಬಂದೀಬೇ?"

"ನನ್ನ ಮಗನ ಕಡೀ ಗಳಿಗಿ ನಿನ್ನ ತಲ್ಯಾಗ ಐತಿ. ನನಗ ಅದು ಬೇಕು."

ನರ್ಸ್ ಅವನ ಹಣೆಗೆ ತಂತಿ ಅಂಟಿಸಿದಳು. ಇನ್ನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಮಲಗಿದರೆ ಸಾಕಿತ್ತು. ಆದರೆ ಫಕ್ಕೀರಪ್ಪ ಎದ್ದು ಕೂತು ತಂತಿ ಕಿತ್ತುಹಾಕಿದ.

"ಬ್ಯಾಡಬೇ. ಆ ನೆನಪಿನ್ಯಾಗ ಮಚ್ಚು ಬೀಸೋ ಕೈ ನಿಂದ ಆಗತೈತಿ."

ನೀಲವ್ವ ಎದ್ದು ಬಂದು ಅವನ ಮಂಚದ ತುದಿಗೆ ಕೂತಳು.

"ಆಗ ಅಂವ ನನ್ನ ಕರದನೇನು?"

"ಕರದ."

"ಹೆಂಗ ಕರದ?"

ಇಷ್ಟು ವರ್ಷ ಯಾರೆದುರಿಗೂ ಬಾಯಿಬಿಡದ ಫಕ್ಕೀರಪ್ಪ, ಆ ಹುಡುಗನ ದನಿಯಲ್ಲೇ "ಯವ್ವಾ" ಎಂದ.

ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಮ್ಮೆ ಕರಿ," ಅಂದಳು.