ಪ್ರಾರ್ಥನೆಯ ನಂತರದ ವಾರ್ತೆಗಳು

ಮಗಳಿಗೆ ಡಿಸ್ಲೆಕ್ಸಿಯಾ ಇದೆ, ಪರೀಕ್ಷೆಯಲ್ಲಿ ಯಾರಾದರೂ ಪ್ರಶ್ನೆ ಓದಿ ಹೇಳಿದರೆ ಸಾಕು ಎಂದು ಪುಷ್ಪಲತಾ ಕೇಳಿದ್ದಕ್ಕೆ ಹೆಡ್ ಮೇಡಂ ನಕ್ಕೇಬಿಟ್ಟರು.

“ಇಂಚರಾಗೆ ಓದೋಕೆ ಬರಲ್ವಾ? ದಿನಾ ಪ್ರಾರ್ಥನೆ ಮುಗಿದ್ಮೇಲೆ ವಾರ್ತೆ ಓದೋಳೇ ಅವಳು ಕಣ್ರೀ! ಬಾರೇ ಇಲ್ಲಿ, ನಿಮ್ಮಮ್ಮಂಗೆ ಓದಿ ತೋರಿಸು.”

ಮೇಡಂ ಮೇಜಿನ ಮೇಲಿಂದ ತೆಗೆದುಕೊಟ್ಟ ಪೇಪರ್ ಹಿಡಿದು ಇಂಚರಾ ಗಂಟಲು ಸರಿಮಾಡಿಕೊಂಡಳು. ಹಿಂದಿನ ರಾತ್ರಿ ಮುಗಿದ ಕಬಡ್ಡಿ ಫೈನಲ್, ಅಂದೇ ಬೆಳಗಿನ ಜಾವ ತೆರೆದ ಅಣೆಕಟ್ಟೆಯ ಗೇಟು, ಎಲ್ಲವನ್ನೂ ತಡವರಿಸದೆ ಪಟಪಟನೆ ಒಪ್ಪಿಸಿದಳು. ಬೆಳಿಗ್ಗೆ ಅಮ್ಮ ದೋಸೆ ಹುಯ್ಯುವಾಗ ಮನೆಯ ರೇಡಿಯೋದಲ್ಲಿ ಬಂದಿದ್ದ ಅದೇ ಮಾತುಗಳು! ಪುಷ್ಪಲತಾ ಮೆಲ್ಲಗೆ ಪೇಪರಿನತ್ತ ಬಗ್ಗಿ ನೋಡಿದಳು.

“ಈಗೇನಂತೀರಿ?” ಮೇಡಂ ಗೆದ್ದವರಂತೆ ಕೇಳಿದರು.

“ಚೆನ್ನಾಗೇ ಹೇಳಿದ್ಲು ಮೇಡಂ. ಆದ್ರೆ ನೀವು ಅವಳ ಕೈಗೆ ಕೊಟ್ಟಿರೋದು ನಿನ್ನೆ ಪೇಪರ್ರು.”