ಫೋರ್ಕಿನ ಸೊಟ್ಟ ಹಲ್ಲು

ಹೊಲಿಗೆಯ ತೂತುಗಳಿಗೆ ಗುರುತು ಮಾಡಲು ವನಮಾಲಾ ಊಟದ ಹಳೆಯ ಫೋರ್ಕನ್ನು ಚರ್ಮದ ಚೂರಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟುತ್ತಿದ್ದಳು. ಫೋರ್ಕಿನ ಕೊನೆಯ ಹಲ್ಲು ಸೊಟ್ಟಗಿದ್ದುದರಿಂದ ಪ್ರತಿ ನಾಲ್ಕನೆಯ ಹೊಲಿಗೆ ಓರೆಯಾಗುತ್ತಿತ್ತು. ಅದನ್ನು ಇಕ್ಕಳದಿಂದ ನೆಟ್ಟಗೆ ಮಾಡಬೇಕೆಂದಿದ್ದಳು.

ಅವಳು ಮಾಡಿದ್ದನ್ನು ಒಂದು ದಿನವೂ ಕೈಯಲ್ಲಿ ಹಿಡಿದು ನೋಡದ ಗಂಡ ನಕ್ಕ. “ಉಪಕರಣಕ್ಕೆ ಗತಿಯಿಲ್ಲ, ಕಸುಬು ಬೇರೆ ಕೇಡು! ಅಂಗಡಿಗೆ ಕೊಟ್ಯಲ್ಲ ಆರು ಪರ್ಸು, ನೊಣವಾದ್ರೂ ಮೂಸಿತಾ?”

“ಗೊತ್ತಿಲ್ಲ ರೀ.”

“ಸಾಕು, ಎತ್ತಿಡು. ಕೈಕೆಲಸ ಅಂದ್ರೆ ಇದು ನೋಡು!” ತಾನು ಕೊಂಡು ತಂದಿದ್ದ ಹೊಸ ಪರ್ಸನ್ನು ಅವಳ ಮುಂದೆ ಹಿಡಿದ. “ಫಾರಿನ್ ಮಾಲಂತೆ. ಹೊಲಿಗೆ ನೋಡಿ ಕಲಿ!”

ನೋಡಿದಳು. ಪ್ರತಿ ನಾಲ್ಕನೆಯ ಹೊಲಿಗೆ ಓರೆಯಾಗಿತ್ತು.

“ಚೆನ್ನಾಗಿದೆ ರೀ,” ಎಂದವಳು, ಹಲ್ಲು ಸೊಟ್ಟಗೇ ಇರಲಿ ಎಂದು ಮನಸ್ಸಿನಲ್ಲೇ ನಿರ್ಧರಿಸಿ, ಮತ್ತೆ ಸುತ್ತಿಗೆ ಎತ್ತಿದಳು.