ಬಾಯಿಗೆ ಬಾರದ ಹೆಸರು

ದೀಪ ಹಚ್ಚುವಾಗ ಹೆಸರು ಹಿಡಿದು ನೆನೆಯದಿದ್ದರೆ ವಸ್ತುವಾಗಲಿ, ಮನುಷ್ಯರಾಗಲಿ ಮನೆಯಲ್ಲಿ ಉಳಿಯುತ್ತಿರಲಿಲ್ಲ. ಊರಿಗೆಲ್ಲ ಅದು ರೂಢಿಯಾಗಿತ್ತು. ನೀಲವ್ವ ಬೀಸುಕಲ್ಲು, ಕೌದಿ, ಎಮ್ಮೆಯನ್ನು ಅವಸರದಲ್ಲಿ ನೆನೆದು, "ಎದುರುಮನಿಗೆ ಫ್ರಿಜ್ ಬಂತು. ನಮ್ಮನ್ಯಾಗ ಏನೈತಿ, ಮಣ್ಣು?" ಎಂದಳು.

"ನಾ ಇದ್ದೀನಲ್ಲ," ಎಂದು ಗಂಡ ನಕ್ಕ.

"ನೀವೇನು ನೀರು ತಣ್ಣಗ ಮಾಡ್ತೀರೇನು?"

ತಿರುಗಿದರೆ ಅವನ ಎದೆಯೊಳಗಿಂದಲೇ ಹಿಂದಿನ ಗೋಡೆ ಕಾಣುತ್ತಿತ್ತು. ದಿನವೂ ಅವನ ಹೆಸರು ಹೇಳುತ್ತಿದ್ದ ಅತ್ತೆ ಬೆಳಿಗ್ಗೆಯಷ್ಟೇ ಮಗಳ ಊರಿಗೆ ಹೋಗಿದ್ದಳು. ನೀಲವ್ವ ಗಂಡನ ಹೆಸರನ್ನು ಮದುವೆಯ ದಿನ ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದೇ ಕೊನೆ.

ನಾಚಿಕೆ ಬಿಟ್ಟು ಕೂಗಿದಳು: "ಗುರುಪಾದಪ್ಪಾ! ನನ್ನ ಗುರುಪಾದಪ್ಪಾ!"

ಅವನು ಮೊದಲಿನಂತೆ ತುಂಬಿಕೊಂಡ. "ಮೆಲ್ಲಗ ಕರಿ, ಎದುರುಮನಿಯವರು ನಗ್ತಾರ."

"ನಗಲಿ ಬಿಡ್ರಿ," ಎಂದು ನೀಲವ್ವ ಶಿವನಿಗೆ ಕೈಮುಗಿದು, ಇನ್ನೊಮ್ಮೆ ಅವನ ಹೆಸರು ಹೇಳಿದಳು.